ಎರಡನೇ ಕುದುರೆ ತಂದ ಮೇಲೆ: ಭರಮಸಾಗರದ ಹದಿನೆಂಟು ತಿಂಗಳ ಲೆಕ್ಕ

ಮೊನ್ನೆ ಭಾನುವಾರ ಲಾಯದ ಗೋಡೆಗೆ ನೇತುಹಾಕಿದ್ದ ಲೆಕ್ಕದ ಪುಸ್ತಕ ಇಳಿಸಿ ಮನೆಯೊಳಗೆ ತಂದಿಟ್ಟೆ. 2023ರ ದೀಪಾವಳಿಯಿಂದ 2025ರ ಮೇ ತನಕ ಕುದುರೆಗಳಿಗೆ ಹೋದ ದುಡ್ಡು, ಹೋದ ಹೊತ್ತು ಎರಡೂ ಅದರಲ್ಲಿವೆ. ದುಡ್ಡು ಬರೆದಿಡುವುದು ನನ್ನ ಅಭ್ಯಾಸ. ಹೊತ್ತು ಬರೆಸಿದವಳು ನಮ್ಮ ಮನೆಯವಳು, ಜಗಳ ಬಂದಾಗ ಸಾಕ್ಷಿಗಿರಲಿ ಅಂತ. ಈ ಎರಡು ತಿಂಗಳಲ್ಲಿ ಮೂವರು ಫೋನ್ ಮಾಡಿ ಹೆಚ್ಚುಕಮ್ಮಿ ಒಂದೇ ಮಾತು ಕೇಳಿದರು: "ಅಣ್ಣಾ, ಒಂದು ಕುದುರೆ ಐತೆ, ಇನ್ನೊಂದು ತರೋಣ ಅಂತಿದೀನಿ. ಖರ್ಚು ಡಬಲ್ ಆಗುತ್ತಾ?"

ಡಬಲ್ ಆಗಲಿಲ್ಲ. ನನಗೆ ನಾಲ್ಕು ಪಟ್ಟಿನ ಹತ್ತಿರ ಹೋಯಿತು. ಫೋನಿನಲ್ಲಿ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನ್ನದು ಚಿತ್ರದುರ್ಗ ಜಿಲ್ಲೆಯ ಭರಮಸಾಗರದಲ್ಲಿ ಒಂದು ಫೋಟೋ ಸ್ಟುಡಿಯೋ. ಊರಾಚೆ ಅಪ್ಪನ ಕಾಲದ ಎರಡು ಎಕರೆ, ಒಂದು ಬೋರು, ಹಳೇ ದನದ ಕೊಟ್ಟಿಗೆ. 2021ರಲ್ಲಿ ಕೊರೊನಾದಿಂದ ಮೆರವಣಿಗೆಗಳು ನಿಂತು, ದಾವಣಗೆರೆಯಲ್ಲಿ ಮದುವೆ ಕುದುರೆ ಇಟ್ಟುಕೊಂಡವರಿಗೆ ಹುರುಳಿ ತರಲೂ ದುಡ್ಡಿಲ್ಲದಂತಾಗಿತ್ತು. ಆಗ ಪರಿಚಯದ ಮನೆಯವರೊಬ್ಬರು ತಮ್ಮ ಬಿಳಿ ಹೆಣ್ಣು ಕುದುರೆಯನ್ನು 60,000 ರೂಪಾಯಿಗೆ ಕೊಟ್ಟರು. ಅದೇ ರಾಣಿ. ಬ್ಯಾಂಡ್‌ಸೆಟ್ ಕಿವಿಯ ಪಕ್ಕದಲ್ಲೇ ಬಡಿದರೂ ಕಣ್ಣು ಮಿಟುಕಿಸದ ಪ್ರಾಣಿ. ಮದುಮಗನ ಬದಲು ಮದುಮಗನ ಮಾವನನ್ನು ಕೂರಿಸಿದರೂ ತಕರಾರಿಲ್ಲ.

ರಾಣಿ ಒಬ್ಬಳೇ ಇದ್ದ ಎರಡು ವರ್ಷ ಕಷ್ಟವೆಂದು ಅನ್ನಿಸಿದ್ದೇ ಇಲ್ಲ. ಬೆಳಿಗ್ಗೆ ಒಂದು ಗಂಟೆ ಹತ್ತು ನಿಮಿಷ, ಸಂಜೆ ಒಂದು ಗಂಟೆ. ಮಧ್ಯಾಹ್ನದ ಮೇವು ಅವ್ವ ಹಾಕುತ್ತಿದ್ದಳು. ನಾನು ಹೊರಗೂರಿನ ಮದುವೆಗೆ ಹೋದರೆ ಪಕ್ಕದ ಹೊಲದ ಹುಡುಗ ನೀರು ತೋರಿಸುತ್ತಿದ್ದ. ತಿಂಗಳಿಗೆ ಕಾಳು-ಬೂಸಾ 3,000, ಹಸಿ-ಒಣ ಮೇವು 1,800, ಲಾಳಕ್ಕೆ ಸರಾಸರಿ 1,000, ಉಪ್ಪು-ಎಣ್ಣೆ-ಔಷಧ 400. ಕೂಡಿದರೆ 6,200. ಮೆರವಣಿಗೆಗೆ 4,500ರಂತೆ ವರ್ಷಕ್ಕೆ ಹದಿನಾರರವರೆಗೆ ಸಿಗುತ್ತಿದ್ದವು. ಅಂದರೆ ಕುದುರೆ ಹೆಚ್ಚುಕಮ್ಮಿ ತನ್ನ ಹೊಟ್ಟೆ ತಾನೇ ನೋಡಿಕೊಳ್ಳುತ್ತಿತ್ತು.

ಒಂದೇ ಕೊರತೆ. ನಾನು ಬೈಕ್ ಹತ್ತಿದರೆ ರಾಣಿ ಕೆನೆಯುತ್ತಿದ್ದಳು, ರಸ್ತೆ ತಿರುವಿನ ತನಕ ಕೇಳುತ್ತಿತ್ತು. ಕೊಟ್ಟಿಗೆಯ ಅಡ್ಡಮರವನ್ನೆಲ್ಲ ಕಚ್ಚಿ ಕಚ್ಚಿ ತೆಳ್ಳಗೆ ಮಾಡಿದ್ದಳು. ಕುದುರೆ ಹಿಂಡಿನ ಪ್ರಾಣಿ, ಒಂಟಿಯಾಗಿ ಇಡಬಾರದು ಅಂತ ಕೇಳಿದವರೆಲ್ಲ ಹೇಳಿದರು. ಜೊತೆಗೆ ನನ್ನದೇ ಒಂದು ದುರಾಸೆ: ಒಂದೇ ಮುಹೂರ್ತಕ್ಕೆ ಎರಡು ಮದುವೆ ಕೇಳಿ ಬಂದಾಗ ಒಂದನ್ನು ಬಿಡಬೇಕಾಗುತ್ತಿತ್ತು. ಎರಡು ಕುದುರೆಯಿದ್ದರೆ ಎರಡೂ ಹಿಡಿಯಬಹುದಲ್ಲ! ಆ ಮುಹೂರ್ತಕ್ಕೆ ನಾನೂ ಕ್ಯಾಮೆರಾ ಹಿಡಿದು ಮೂರನೇ ಮಂಟಪದಲ್ಲಿ ಇರುತ್ತೇನೆ ಅನ್ನುವುದು ಲೆಕ್ಕ ಹಾಕುವಾಗ ತಲೆಗೆ ಬರಲೇ ಇಲ್ಲ.

2023ರ ದೀಪಾವಳಿ ಹೊತ್ತಿಗೆ ಸೊಲ್ಲಾಪುರ ಜಿಲ್ಲೆಯ ಅಕಲೂಜಿನ ಕುದುರೆ ಸಂತೆಗೆ ಹೋದೆ. ಅಲ್ಲಿ ಮಾರವಾಡಿ, ಕಾಠಿಯಾವಾಡಿ ಕುದುರೆಗಳನ್ನು ಸಾಲಾಗಿ ಕಟ್ಟಿರುತ್ತಾರೆ. ಕಿವಿಯ ತುದಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ಹಾಗಿದ್ದರೆ ರೇಟು ಕೇಳುವ ಧೈರ್ಯವನ್ನೇ ಮಾಡಬೇಡಿ. ಕೊಳ್ಳುವವರು ಹಲ್ಲು ನೋಡುವುದಕ್ಕಿಂತ ಮೊದಲು ಸುಳಿ ನೋಡುತ್ತಾರೆ. ಗಂಟಲ ಕೆಳಗೆ ದೇವಮಣಿ ಸುಳಿ ಇದ್ದರೆ ಬೆಲೆ ಏರುತ್ತದೆ, ಕಣ್ಣ ಕೆಳಗೆ ಕಣ್ಣೀರು ಸುಳಿ ಇದ್ದರೆ ಇಳಿಯುತ್ತದೆ. ನಾನು ನೋಡಿದ ಕೆಂಚು ಬಣ್ಣದ ಹೆಣ್ಣಿಗೆ ಎಡಗಣ್ಣ ಕೆಳಗೆ ಚೆನ್ನಾಗಿ ಸುತ್ತಿದ ಕಣ್ಣೀರು ಸುಳಿ. 1,20,000 ಹೇಳಿದವರು 82,000ಕ್ಕೆ ಇಳಿದರು. ಈ ನಂಬಿಕೆ ನನಗಿಲ್ಲ, ಹಾಗಾಗಿ ಲಾಭವಾಯಿತು ಅಂದುಕೊಂಡೆ. ಆದರೆ ಮಾರುವ ದಿನ ಬಂದಾಗ ಎದುರಿಗಿರುವವರಿಗೆ ಆ ನಂಬಿಕೆ ಇರುತ್ತದೆ. ಸುಳಿಯ ಕಾರಣಕ್ಕೆ ಅಗ್ಗಕ್ಕೆ ತಂದದ್ದು ಅದೇ ಕಾರಣಕ್ಕೆ ಅಗ್ಗಕ್ಕೇ ಹೋಗುತ್ತದೆ.

ಸಾಗಣೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಟೆಂಪೋ ಬಾಡಿಗೆ ಮಾತಾಡಿ ಹಗ್ಗ ಹಿಡಿದು ನಿಂತಿದ್ದೆ. ಸಂತೆಯಲ್ಲಿದ್ದ ಪಶುವೈದ್ಯರು ಫಿಟ್‌ನೆಸ್ ಸರ್ಟಿಫಿಕೇಟ್ ಬರೆಯುವ ಮೊದಲು ಗಾಡಿ ತೋರಿಸು ಅಂದರು. 1978ರ ಪ್ರಾಣಿ ಸಾಗಣೆ ನಿಯಮದಲ್ಲಿ ಕುದುರೆಗೆ ಅಂತಲೇ ಕೆಲವು ಮಾತಿವೆ. ನೆಲ ಜಾರಬಾರದು. ಪ್ರಾಣಿಗಳ ನಡುವೆ ಕನಿಷ್ಠ 8 ಸೆಂಟಿಮೀಟರ್ ದಪ್ಪದ ಬಿದಿರು ಗಳ ಇರಬೇಕು. ಎದುರು ಬರುವ ಗಾಡಿಗೆ ಬೆದರದಂತೆ ಕುದುರೆಯ ಮುಖ ಎಡಕ್ಕಿರಬೇಕು. ಜೊತೆಗೆ ಒಬ್ಬ ಆಳು ಇರಬೇಕು. ವೇಗ ಗಂಟೆಗೆ 35 ಕಿಲೋಮೀಟರ್ ದಾಟಬಾರದು. ಕೊನೆಯದನ್ನು ಕೇಳಿ ಡ್ರೈವರ್ ನಕ್ಕ. ವಿಜಯಪುರ, ಹೊಸಪೇಟೆ ಮೇಲೆ ಚಿತ್ರದುರ್ಗಕ್ಕೆ ಐನೂರು ಕಿಲೋಮೀಟರ್ ಆಸುಪಾಸು ಇದೆ, ಲೆಕ್ಕ ನೀವೇ ಹಾಕಿ. ಮಣ್ಣು, ಭತ್ತದ ಹುಲ್ಲು, ಬಿದಿರು ಹುಡುಕುವುದರಲ್ಲೇ ಅರ್ಧ ದಿನ ಹೋಯಿತು. ಬಾಡಿಗೆ, ಊಟ, ಬಿದಿರು ಎಲ್ಲ ಸೇರಿ 24,000. ಗಡಿಯ ಚೆಕ್‌ಪೋಸ್ಟಿನಲ್ಲಿ ಕೇಳಿದ್ದು ಮೂರು ಕಾಗದ: ಸಂತೆಯ ರಸೀದಿ, ವೈದ್ಯರ ಸರ್ಟಿಫಿಕೇಟ್, ನನ್ನ ಆಧಾರ್. ರಸೀದಿಯಲ್ಲಿ ಕುದುರೆಯ ಬಣ್ಣ, ಗುರುತು, ಸುಳಿ ಎಲ್ಲ ಬರೆಸಿಕೊಳ್ಳಿ. ಸಂತೆಯವರಿಗೆ ಅಪಶಕುನವಾಗಿದ್ದ ಆ ಕಣ್ಣೀರು ಸುಳಿಯೇ ಪೊಲೀಸರಿಗೆ "ಇದೇ ಆ ಕುದುರೆ" ಅಂತ ತೋರಿಸಲು ನನಗಿದ್ದ ಒಂದೇ ಗುರುತು.

ಊರಿಗೆ ಬಂದ ಮೇಲೆ ಮೊದಲ ತಪ್ಪು ಗೊತ್ತಾಯಿತು. ಗ್ಲ್ಯಾಂಡರ್ಸ್ ರಕ್ತಪರೀಕ್ಷೆ ಕೊಳ್ಳುವ ಮೊದಲೇ ಆಗಬೇಕಿತ್ತು. ಅದು ಕುದುರೆಯಿಂದ ಮನುಷ್ಯರಿಗೂ ಹರಡುವ ರೋಗ, ಪಾಸಿಟಿವ್ ಬಂದರೆ ಚಿಕಿತ್ಸೆಯ ಮಾತೇ ಇಲ್ಲ, ಕಾನೂನಿನ ಪ್ರಕಾರ ಪ್ರಾಣಿಯನ್ನು ದಯಾಮರಣಕ್ಕೆ ಒಪ್ಪಿಸಬೇಕು. ನಾನು ಅರ್ಜಿ ಹಿಡಿದು ಹೋದ ದವಾಖಾನೆಯ ರಿಜಿಸ್ಟರಿನಲ್ಲಿ ಹಸು, ಎಮ್ಮೆ, ಕುರಿ, ಮೇಕೆ, ನಾಯಿ ಅಂತ ಕಾಲಂ ಇದ್ದವು. ಕುದುರೆಗೆ ಇರಲಿಲ್ಲ. "ಇತರೆ ಅಂತ ಬರೀರಿ" ಅಂದರು. ಇತರೆ ಅಂತ ಹೋದ ಮಾದರಿ ಯಾವ ಪ್ರಾಣಿಯದು ಅಂತ ವಾಪಸ್ ಕೇಳಿ ಬಂತು, ಮತ್ತೆ ಕಳಿಸಿದೆವು. ನೆಗೆಟಿವ್ ಅಂತ ಬೆಂಗಳೂರಿನಿಂದ ಫಲಿತಾಂಶ ಬರುವಷ್ಟರಲ್ಲಿ 19 ದಿನ. ಅಷ್ಟು ದಿನವೂ ಕೆಂಚಿಯನ್ನು ಹೊಲದ ಆಚೆ ತುದಿಯ ಬೇವಿನ ಮರದ ಕೆಳಗೆ, ರಾಣಿಯನ್ನು ಕೊಟ್ಟಿಗೆಯಲ್ಲಿ. ಬಕೆಟ್ ಬೇರೆ, ಬ್ರಷ್ ಬೇರೆ, ಒಂದರ ಹತ್ತಿರ ಹೋಗಿ ಬಂದರೆ ಕೈಕಾಲು ತೊಳೆದು ಇನ್ನೊಂದರ ಹತ್ತಿರ. ಎರಡೂ ಒಂದನ್ನೊಂದು ನೋಡಿ ಹಗಲೂ ರಾತ್ರಿ ಕೆನೆದು ಅಕ್ಕಪಕ್ಕದ ಹೊಲದವರ ನಿದ್ದೆ ಕೆಡಿಸಿದವು.

ಜೊತೆಗೆ ಬಿಟ್ಟ ದಿನ ಕಚ್ಚಾಟ, ಒದೆದಾಟ. ಮೂರು ದಿನಕ್ಕೆ ರಾಣಿ ಯಜಮಾನಿ ಅಂತ ತೀರ್ಮಾನವಾಯಿತು. ಅಡ್ಡಮರ ಕಚ್ಚುವುದು ನಿಂತಿತು. ಅಲ್ಲಿಗೆ ನನ್ನ ಸಂತೋಷದ ಅಧ್ಯಾಯ ಮುಗಿಯಿತು ಅನ್ನಿ.

ಈಗ ಹೊತ್ತಿನ ಲೆಕ್ಕ. ನಾಲ್ಕುನೂರು ಕಿಲೋ ಹತ್ತಿರದ ಕುದುರೆಗೆ ದಿನಕ್ಕೆ ಎಂಟು ಕಿಲೋ ಒಣ ಲೆಕ್ಕದ ಆಹಾರ ಬೇಕು, ಅದರಲ್ಲಿ ಹೆಚ್ಚಿನ ಪಾಲು ಹುಲ್ಲೇ ಇರಬೇಕು. ಅದರ ಜಠರ ದೇಹಕ್ಕೆ ಹೋಲಿಸಿದರೆ ಚಿಕ್ಕದು, ಒಟ್ಟಿಗೆ ಸುರಿದು ಹೋಗುವಂತಿಲ್ಲ, ದಿನಕ್ಕೆ ಮೂರು ಸಲವಾದರೂ ಹಾಕಬೇಕು. ನೀರು ಮೂವತ್ತು-ನಲವತ್ತು ಲೀಟರ್, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಲದ್ದಿ ಇಪ್ಪತ್ತು ಕಿಲೋ. ಇದೆಲ್ಲ ಎರಡರಷ್ಟು ಅಂದಾಗ ಬೆಳಿಗ್ಗೆ ಎರಡೂಕಾಲು ಗಂಟೆ, ಸಂಜೆ ಒಂದೂಮುಕ್ಕಾಲು ಗಂಟೆಯಾಯಿತು. ಅವ್ವ ರಾಣಿಗೆ ಹೊಂದಿಕೊಂಡಿದ್ದಳು. ಕೆಂಚಿ ಕಿವಿ ಹಿಂದಕ್ಕೆ ಮಡಚಿದ್ದು ನೋಡಿ, "ನಾ ಒಲ್ಲೆಪ್ಪ, ಇದು ಒದೆಯೋ ಮುಖದ್ದು" ಅಂತ ದೂರ ನಿಂತಳು. ಪಕ್ಕದ ಹೊಲದ ಹುಡುಗನೂ ಅಷ್ಟೇ. ಒಂದು ಸಾಧು ಕುದುರೆಗೆ ನೀರು ತೋರಿಸೋದು ಬೇರೆ, ಬುಟ್ಟಿ ನೋಡಿದರೆ ಮೇಲೆ ಬೀಳುವ ಎರಡರ ಮಧ್ಯೆ ಹೋಗೋದು ಬೇರೆ. ಮೊದಲ ಸಲ ಮೂರು ದಿನದ ಮದುವೆಗೆ ಹೊಸದುರ್ಗಕ್ಕೆ ಹೋಗಬೇಕಾದಾಗ ಕೇಳಿದವರೆಲ್ಲ ಒಂದೊಂದು ಕಾರಣ ಹೇಳಿದರು. ನಮ್ಮ ಮನೆಯವಳು ಹೇಳಿದ್ದು ಇಷ್ಟೇ: "ನಿಮಗೆ ಎರಡು ಕುದುರೆ ಬೇಕಿತ್ತು. ನನಗೆ ಬೇಕಿರಲಿಲ್ಲ."

2024ರ ಜನವರಿಯಲ್ಲಿ 11,000 ಸಂಬಳಕ್ಕೆ ಆಳು ಇಟ್ಟೆ. ಇಲ್ಲೇ ಇರುವುದು ಕೀಲು. ಒಂದು ಕುದುರೆ ಮನೆಯವರ ಬಿಡುವಿನಲ್ಲಿ ಬದುಕುತ್ತದೆ. ಎರಡನೆಯದು ಆ ಬಿಡುವಿನೊಳಗೆ ಹಿಡಿಸುವುದಿಲ್ಲ, ಸಂಬಳದ ಮನುಷ್ಯನನ್ನು ಕೇಳುತ್ತದೆ. ಎರಡು ಕುದುರೆಯ ಮೇವು, ಲಾಳ, ಔಷಧ ಸೇರಿ ತಿಂಗಳಿಗೆ 12,100 ಬರುತ್ತಿತ್ತು. ಸಂಬಳ ಸೇರಿ 23,100 ಆಯಿತು. ಆಳು ಬಂದ ಮೇಲೆ ಬರುವ ಯೋಚನೆ ಇನ್ನೂ ಅಪಾಯದ್ದು: ಹೇಗೂ ಸಂಬಳ ಕೊಡ್ತೀವಲ್ಲ, ಮೂರಾದರೇನು? ನನಗೂ ಬಂತು. ಅದನ್ನು ಆಮೇಲೆ ಹೇಳುತ್ತೇನೆ.

ನಿಜವಾಗಿ ಕಮ್ಮಿಯಾದ ಖರ್ಚು ಒಂದೇ. ಲಾಳದ ಕಾಕಾ ದಾವಣಗೆರೆಯಿಂದ ಪೆಟ್ಟಿಗೆ ಹೊತ್ತು ಬಸ್ಸಿನಲ್ಲಿ ಬರುತ್ತಾರೆ. ಒಂದು ಕುದುರೆಗೆ ಸಾವಿರ, ಮೇಲೆ ಬಂದುಹೋಗುವ ಖರ್ಚು ಐನೂರು. "ಒಂದಕ್ಕೆ ಬಂದ್ರೂ ಅದೇ ಬಸ್ಸು, ಎರಡಕ್ಕೆ ಬಂದ್ರೂ ಅದೇ ಬಸ್ಸು ಸಾರ್" ಅಂತ ಆ ಐನೂರನ್ನು ಒಂದೇ ಸಲ ತಗೊಂಡರು. ಗೊರಸು ತಿಂಗಳಿಗೆ ಒಂದು ಸೆಂಟಿಮೀಟರ್‌ನಷ್ಟು ಬೆಳೆಯುತ್ತದೆ, ಆರರಿಂದ ಎಂಟು ವಾರಕ್ಕೆ ಲಾಳ ತೆಗೆದು ಕೆತ್ತಲೇಬೇಕು. ದುಡ್ಡು ಉಳಿಸಲು ನಾನೊಮ್ಮೆ ಹನ್ನೊಂದು ವಾರ ತಳ್ಳಿದೆ. ಕಾಕಾ ರಾಣಿಯ ಕಾಲು ಎತ್ತಿ ನೋಡಿ ನನ್ನ ಮುಖವನ್ನೂ ನೋಡಲಿಲ್ಲ. ಅವರ ಮಕ್ಕಳು ಈ ಕೆಲಸಕ್ಕೆ ಬಂದಿಲ್ಲ. ಬರುವುದಾದರೂ ಹೇಗೆ? 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲೇ ಉಳಿದಿದ್ದ ಕುದುರೆಗಳು 3.4 ಲಕ್ಷ, ಏಳು ವರ್ಷದಲ್ಲಿ ಶೇ 45ಕ್ಕಿಂತ ಹೆಚ್ಚು ಇಳಿದಿದ್ದವು. ಕುದುರೆ ಕೊಳ್ಳುವ ಮೊದಲು ಲಾಳ ಕಟ್ಟುವವರ ಫೋನ್ ನಂಬರ್ ಇದೆಯಾ ನೋಡಿಕೊಳ್ಳಿ. ಒಂದಲ್ಲ, ಎರಡು.

2023-24ರಲ್ಲಿ ಬರ ಬೇರೆ. ರಾಜ್ಯದ 223 ತಾಲ್ಲೂಕುಗಳು ಬರದ ಪಟ್ಟಿಯಲ್ಲಿದ್ದವು, ನಮ್ಮ ಜಿಲ್ಲೆಯೂ ಸೇರಿ. ರಾಗಿ ಹುಲ್ಲಿನ ಬೆಲೆ ಕೇಳಿದರೆ ಹೆದರಿಕೆಯಾಗುತ್ತಿತ್ತು. ಚಳ್ಳಕೆರೆ ಕಡೆಯಿಂದ ಒಂದು ಟ್ರ್ಯಾಕ್ಟರ್ ಶೇಂಗಾ ಹೊಟ್ಟು ಅಗ್ಗಕ್ಕೆ ಸಿಕ್ಕಿತು. ದನಗಳಿಗೆ ನಮ್ಮ ಕಡೆ ಹಾಕದವರಿಲ್ಲ. ಬೇರು ಸಮೇತ ಕಿತ್ತ ಬಳ್ಳಿ, ಕೊಡವಿದರೆ ಮಣ್ಣು ಉದುರುತ್ತಿತ್ತು. ಕೊಡವಿ ಹಾಕು ಅಂತ ಆಳು ಹುಡುಗನಿಗೆ ಹೇಳಿದ್ದೆ. ಎಷ್ಟು ಅಂತ ಕೊಡವುತ್ತಾನೆ?

ಫೆಬ್ರವರಿ ಕೊನೆಯ ವಾರ, ಚಿತ್ರದುರ್ಗದಲ್ಲಿ ಒಂದು ಆರತಕ್ಷತೆ. ನಾನು ವೇದಿಕೆಯ ಮುಂದೆ ಇದ್ದೆ. 9:40ಕ್ಕೆ ಹುಡುಗನ ಫೋನು. "ಅಣ್ಣಾ, ರಾಣಿ ನೆಲ ಕೆರೀತೈತೆ. ಹೊಟ್ಟೆ ಕಡೆ ತಿರುಗಿ ತಿರುಗಿ ನೋಡ್ತೈತೆ. ಮಲಗ್ತೈತೆ, ಏಳ್ತೈತೆ, ಮಧ್ಯಾಹ್ನದಿಂದ ಲದ್ದಿ ಹಾಕಿಲ್ಲ." ಕ್ಯಾಮೆರಾ ಸಹಾಯಕನ ಕೈಗಿಟ್ಟು ಹೊರಟೆ. ಆ ಮದುವೆಯವರು ಬಾಕಿ ದುಡ್ಡಲ್ಲಿ 5,000 ಹಿಡಿದುಕೊಂಡರು, ಅವರದೇನೂ ತಪ್ಪಿಲ್ಲ.

ದಾರಿಯಲ್ಲೇ ಫೋನು. ಮೊದಲ ಡಾಕ್ಟರದು ಸ್ವಿಚ್ ಆಫ್. ಎರಡನೆಯವರು ಪ್ರಾಮಾಣಿಕರು: "ನಾನು ದನ ನೋಡೋನಪ್ಪ, ಕುದುರೆ ಮೂಗಿಗೆ ಟ್ಯೂಬ್ ಇಳಿಸಿ ಅಭ್ಯಾಸ ಇಲ್ಲ. ನನ್ನನ್ನ ನಂಬಿಕೊಂಡು ಹೊತ್ತು ಕಳೀಬೇಡ." ಅವರೇ ದಾವಣಗೆರೆಯ ಒಬ್ಬ ನಿವೃತ್ತ ವೈದ್ಯರ ನಂಬರ್ ಕೊಟ್ಟರು. ಕಾರು ಕಳಿಸಿ ಅವರನ್ನು ಕರೆತರುವಾಗ 12:15. ಅಷ್ಟರಲ್ಲಿ ಹೊಲದಲ್ಲಿ ಏಳೆಂಟು ಜನ ಸೇರಿದ್ದರು. ಒಬ್ಬರು ಅಜವಾನ-ಬೆಲ್ಲದ ಕಷಾಯ ಕಾಯಿಸಿ ಗೊಟ್ಟದಲ್ಲಿ, ಅಂದರೆ ಬಿದಿರಿನ ಕೊಳವೆಯಲ್ಲಿ, ಬಾಯಿಗೆ ಹುಯ್ಯಲು ರೆಡಿ. ಅವರ ಪ್ರೀತಿಗೆ ಏನನ್ನಲಿ? ಆದರೆ ದನಕ್ಕೆ ಗೊಟ್ಟ ಹಾಕಿದಂತೆ ಕುದುರೆಗೆ ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಇನ್ನೊಂದು, ಕುದುರೆ ವಾಂತಿ ಮಾಡಲಾರದು. ಒಳಗೆ ಗ್ಯಾಸೋ ನೀರೋ ತುಂಬಿದರೆ ಹೊಟ್ಟೆ ಒಡೆಯುವ ಅಪಾಯವಿದೆ, ಅದನ್ನು ಹೊರತೆಗೆಯಲು ಮೂಗಿನ ಟ್ಯೂಬೇ ದಾರಿ.

ಡಾಕ್ಟರು ದವಡೆಯ ಕೆಳಗೆ ಬೆರಳಿಟ್ಟು ಎಣಿಸಿದರು. ನಾಡಿ 64. ಆರೋಗ್ಯದ ಕುದುರೆಗೆ ನಿಮಿಷಕ್ಕೆ 28ರಿಂದ 44 ಇರಬೇಕು. ನೋವಿಗೆ ಇಂಜೆಕ್ಷನ್, ಟ್ಯೂಬಿನಲ್ಲಿ ಲಿಕ್ವಿಡ್ ಪ್ಯಾರಾಫಿನ್. ಆಮೇಲೆ ಕಾಯುವುದು. ಹೊರಳದಂತೆ ನೋಡಿಕೊಂಡು ಸ್ವಲ್ಪ ನಡೆಸುವುದು, ಸ್ವಲ್ಪ ನಿಲ್ಲಿಸುವುದು. ಕೆಂಚಿಯನ್ನು ದೂರ ಕಟ್ಟಿದ್ದೆವು, ಅದು ಹಗ್ಗ ಕಿತ್ತುಕೊಂಡು ಬಂದು ಬೇಲಿಗೆ ಎದೆ ಹಚ್ಚಿ ನಿಂತಿತು. ಕೊನೆಗೆ ಎರಡನ್ನೂ ಒಟ್ಟಿಗೆ ನಡೆಸಿದೆವು, ನಾನೊಂದು ಹಗ್ಗ, ಹುಡುಗನೊಂದು. ಐದು ಗಂಟೆಗೆ ರಾಣಿ ಬಾಲ ಎತ್ತಿ ಆರು ಉಂಡೆ ಲದ್ದಿ ಹಾಕಿದಳು. ಹುಡುಗ ಅದನ್ನು ಎಣಿಸಿ ಹೇಳಿದ್ದರಿಂದ ನನಗೆ ಸಂಖ್ಯೆ ನೆನಪಿದೆ. ಒಟ್ಟು ಬಿಲ್ಲು 7,800. ಡಾಕ್ಟರನ್ನು ದಾವಣಗೆರೆಗೆ ಬಿಟ್ಟು ಬೆಣ್ಣೆದೋಸೆ ತಿನ್ನಿಸಿದೆ, ನನಗೆ ಒಂದು ತುತ್ತೂ ಇಳಿಯಲಿಲ್ಲ.

ಅವರು ಕಲಿಸಿಕೊಟ್ಟ ಪರೀಕ್ಷೆ ಎಲ್ಲರೂ ಮಾಡಬಹುದು. ನೆಲಕ್ಕೆ ತಾಗದ ಲದ್ದಿ ಒಂದು ಹಿಡಿ ತಗೊಂಡು ಗಾಜಿನ ಬಾಟಲಿಯ ನೀರಲ್ಲಿ ಕದಡಿ ಕಾಲು ಗಂಟೆ ಬಿಡಿ. ತಳದಲ್ಲಿ ಮರಳು ಕೂತರೆ ಕುದುರೆ ಮೇವಿನ ಜೊತೆ ಮರಳನ್ನೂ ನುಂಗುತ್ತಿದೆ ಅಂತ ಅರ್ಥ. ನಮ್ಮ ಬಾಟಲಿಯಲ್ಲಿ ಬೆರಳು ದಪ್ಪ ಮಣ್ಣಿತ್ತು. ಉಳಿದ ಹೊಟ್ಟನ್ನು ಪಕ್ಕದವರ ಎಮ್ಮೆಗೆ ಕೊಟ್ಟೆ, ಅವು ಚೆನ್ನಾಗೇ ತಿಂದವು.

ದನದ ಲೆಕ್ಕ ಕುದುರೆಗೆ ನಡೆಯುವುದಿಲ್ಲ ಅನ್ನುವುದನ್ನು ಮತ್ತೆ ಮತ್ತೆ ಕಲಿತೆ. 2024ರ ಅಕ್ಟೋಬರಿನಲ್ಲಿ ಕೊಯ್ಲಿಗೆ ಸರಿಯಾಗಿ ಮಳೆ ಹಿಡಿದು, ಹೆದ್ದಾರಿ ಪಕ್ಕ ಒಣಗಲು ಹಾಕಿದ್ದ ಮೆಕ್ಕೆಜೋಳ ಕಪ್ಪಾಯಿತು. ಪರಿಚಯದ ರೈತರೊಬ್ಬರು ಎರಡು ಚೀಲ ಪುಕ್ಕಟೆ ತಂದಿಳಿಸಿದರು. "ಎಮ್ಮೆ ತಿಂತಾವೆ, ಕುದುರೆ ತಿನ್ನಲ್ವಾ?" ತಿನ್ನುತ್ತದೆ, ಅದೇ ಕಷ್ಟ. ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿ ಫ್ಯುಮೊನಿಸಿನ್ ಅನ್ನುವ ವಿಷ ಇರಬಹುದು, ಅದು ಕುದುರೆಯ ಮಿದುಳನ್ನು ಕರಗಿಸುತ್ತದೆ, ಮದ್ದಿಲ್ಲ. ಮೆಕ್ಕೆಜೋಳಕ್ಕೇ ಹೆಸರಾದ ದಾವಣಗೆರೆ-ಚಿತ್ರದುರ್ಗದಲ್ಲಿ ಕುದುರೆ ಸಾಕುವವರು ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಬೇಕು. ಅದರ ಪಕ್ಕದಲ್ಲೇ ಇನ್ನೊಂದು: ಕೋಳಿ ಫೀಡು, ಗೊತ್ತಿಲ್ಲದ ಮಿಶ್ರ ಫೀಡು ಬೇಡ. ಕೋಳಿಗೆ ಬೆರೆಸುವ ಮೊನೆನ್ಸಿನ್, ಸಲಿನೊಮೈಸಿನ್ ತರದ ಔಷಧ ಕುದುರೆಯ ಹೃದಯಕ್ಕೆ ವಿಷ, ಸ್ವಲ್ಪವೇ ಸಾಕು.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಏಪ್ರಿಲ್‌ನಲ್ಲಿ ಕೆಂಚಿಯ ಹೊಟ್ಟೆ ದುಂಡಗಾಯಿತು. ನಮ್ಮ ಮೇವು ಮೈಗೆ ಹತ್ತಿತು ಅಂತ ಹುಡುಗನೂ ನಾನೂ ಬೀಗಿದೆವು. ಜಂತಿನ ಔಷಧಿಗೆ ತೂಕ ಬೇಕಿತ್ತು. ಲಾರಿ ತೂಗುವ ವೇಬ್ರಿಡ್ಜ್‌ಗೆ ಒಯ್ಯಬೇಕಾಗಿಲ್ಲ, ಟೈಲರ್ ಟೇಪು ಸಾಕು: ಮುಂಗಾಲ ಹಿಂದೆ ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಎದೆಯಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಸಿಗುತ್ತದೆ, ಅಳತೆ ಸೆಂಟಿಮೀಟರಿನಲ್ಲಿರಬೇಕು. ರಾಣಿಯದು 168 ಮತ್ತು 150, ತೂಕ 356 ಬಂತು. ಕೆಂಚಿಯ ಲೆಕ್ಕ ಹಿಡಿದು ಡಾಕ್ಟರಿಗೆ ಫೋನ್ ಮಾಡಿದರೆ ಅವರು ಬಂದು ಕೈಹಾಕಿ ನೋಡಿ, "ಮೇವಲ್ಲಪ್ಪ, ಗಬ್ಬ" ಅಂದರು. ಕುದುರೆಯ ಗರ್ಭ ಹನ್ನೊಂದು ತಿಂಗಳು. ಸಂತೆಯಲ್ಲಿ ಕೊಂಡಾಗ ಮೂರು ತಿಂಗಳಾಗಿರಬೇಕು, ಕಣ್ಣಿಗೆ ಕಾಣುವಂಥದ್ದಲ್ಲ. ನನಗಾದದ್ದು ಖುಷಿಯೇ. ಆಳಿಗೆ ಹೇಗೂ ಸಂಬಳ ಹೋಗುತ್ತಿದೆಯಲ್ಲ!

ಆ ಬೇಸಿಗೆ ಆದಾಯ ನೆಲ ಕಚ್ಚಿತ್ತು. 2024ರ ಮೇ, ಜೂನ್‌ನಲ್ಲಿ ಶುಕ್ರಾಸ್ತ, ಗುರು ಅಸ್ತ ಅಂತ ಮುಹೂರ್ತಗಳೇ ಹೆಚ್ಚುಕಮ್ಮಿ ಇರಲಿಲ್ಲ. ಸ್ಟುಡಿಯೋ ಖಾಲಿ, ರಾಣಿ ಖಾಲಿ. ಕೆಂಚಿಯನ್ನು ಅದಕ್ಕೆ ಮೊದಲು ಎರಡೇ ಸಲ ಮೆರವಣಿಗೆಗೆ ಒಯ್ದದ್ದು. ಒಮ್ಮೆ ಪಟಾಕಿ ಸರಕ್ಕೆ ಹಾರಿ ಮದುಮಗನ ಪೇಟ ಚರಂಡಿಗೆ ಬಿತ್ತು, ಇನ್ನೊಮ್ಮೆ ಹುಡುಗಿಯ ಅಜ್ಜ ಸುಳಿ ನೋಡಿ "ಇದನ್ನ ಮನೆ ಮುಂದಿಂದ ತೆಗೀರಿ" ಅಂದರು. ಎರಡನೇ ಕುದುರೆಯ ಒಟ್ಟು ಸಂಪಾದನೆ ಸೊನ್ನೆ.

ಜುಲೈ, ಆಷಾಢ. ಕೆಚ್ಚಲ ತುದಿಯಲ್ಲಿ ಮೇಣದಂಥ ಹನಿ ಕಂಡ ಮರುದಿನ ರಾತ್ರಿ 3:10ಕ್ಕೆ ಮರಿ ಬಿತ್ತು. ಗಂಡು. ಡಾಕ್ಟರು ಮೂರು ಅಂಕಿ ಬಾಯಿಪಾಠ ಮಾಡಿಸಿದ್ದರು: ಒಂದು ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು, ಎರಡರೊಳಗೆ ಹಾಲು ಕುಡಿಯಬೇಕು, ಮೂರರೊಳಗೆ ತಾಯಿಯ ಮಾಸು ಬೀಳಬೇಕು. ಮೊದಲೆರಡು ಆದವು. ಬೆಳಿಗ್ಗೆ ಆರು ಗಂಟೆ ದಾಟಿದರೂ ಮಾಸು ಬೀಳಲಿಲ್ಲ. ಅವ್ವ ಧೈರ್ಯ ಹೇಳಿದಳು: "ಮಾಸು ಸಂಜೆಗೆ ಬೀಳ್ತೈತೆ ಬಿಡು, ನಮ್ಮ ಕೌಲಿ ಹಸಾ ಮಾರನೇ ದಿನ ಹಾಕಿತ್ತು." ಹಸುವಿಗೆ ಸರಿ. ಕುದುರೆಯಲ್ಲಿ ಮೂರು ಗಂಟೆ ದಾಟಿದರೆ ಅದು ತುರ್ತು, ನಂಜೇರಿ ಗೊರಸಿನವರೆಗೆ ಇಳಿಯುತ್ತದೆ. ಈ ಸಲ ನಮ್ಮೂರಿನ ಡಾಕ್ಟರೇ ಫೋನಿನಲ್ಲಿ ದಾವಣಗೆರೆಯವರನ್ನು ಕೇಳಿಕೊಂಡು ಆಕ್ಸಿಟೋಸಿನ್ ಕೊಟ್ಟರು. 7:30ಕ್ಕೆ ಬಿತ್ತು. ನೆಲದ ಮೇಲೆ ಹರಡಿ ತುಂಡಾಗಿಲ್ಲ ಅಂತ ನೋಡಿದೆವು. ಆ ಹೆರಿಗೆಗೆ 4,300.

ಮರಿಗೆ ಮಲ್ಲ ಅಂತ ಹೆಸರಿಟ್ಟದ್ದು ಮಗಳು. ಹೆಸರಿಡಬಾರದಿತ್ತು.

ಹೊತ್ತು ಉಳಿಸಲು ಮಾಡಿದ ಪ್ರಯತ್ನಗಳಲ್ಲಿ ಎರಡು ಕೆಲಸ ಮಾಡಿದವು. ಭಾನುವಾರ ಕೂತು ವಾರದ ಕಾಳು-ಬೂಸಾವನ್ನು ಖಾಲಿ ಪೇಂಟ್ ಡಬ್ಬಗಳಿಗೆ ತೂಗಿ, ಮುಚ್ಚಳದ ಮೇಲೆ ಕುದುರೆಯ ಹೆಸರು ಬರೆದಿಟ್ಟೆ. ಯಾರು ಬಂದರೂ ಸುರಿದು ಹೋಗಬಹುದು, ಅವ್ವ ಬೇಲಿಯಾಚೆ ನಿಂತೇ ಸುರಿಯುತ್ತಾಳೆ. ಎರಡನೆಯದು, 41,000 ಕೊಟ್ಟು ಅರ್ಧ ಎಕರೆಗೆ ಚೈನ್‌ಲಿಂಕ್ ಹಾಕಿಸಿ ಕಟ್ಟದೆ ಬಿಟ್ಟೆ. ಕೊಟ್ಟಿಗೆ ಗುಡಿಸುವ ಐವತ್ತು ನಿಮಿಷ ಇಪ್ಪತ್ತಕ್ಕೆ ಇಳಿಯಿತು, ತಿರುಗಾಡಿಸುವ ಕೆಲಸ ಅರ್ಧವಾಯಿತು. ಇದನ್ನು ಎರಡನೇ ಕುದುರೆಗಿಂತ ಮೊದಲೇ ಮಾಡಿಸಿ. ಆಳಿಲ್ಲದೆ ನಡೆಸಬಹುದಾದ ಒಂದೇ ದಾರಿ ಇದು ಅಂತ ನನಗೆ ತೋರುತ್ತದೆ, ನನಗೆ ಹೊಳೆದದ್ದು ಹನ್ನೊಂದು ತಿಂಗಳು ತಡವಾಗಿ.

ಆಳು ಹುಡುಗ ಒಳ್ಳೆಯವನು. ಆದರೆ ಅವನಿಗೂ ಊರಿದೆ, ಜಾತ್ರೆಯಿದೆ, ಅಕ್ಕನ ಬಾಣಂತನವಿದೆ. 2025ರ ಮಾರ್ಚಿನಲ್ಲಿ ಒಂಬತ್ತು ದಿನ ರಜೆ ಹೋದ. ಅದೇ ಒಂಬತ್ತು ದಿನದಲ್ಲಿ ನನಗೆ ನಾಲ್ಕು ಮದುವೆ. ಆ ವಾರದ ಪುಟದಲ್ಲಿ ಬೆಳಿಗ್ಗೆ 3:30 ಅಂತ ಐದು ಸಲ ಬರೆದಿದೆ. ಮಲ್ಲನಿಗೆ ಎಂಟು ತಿಂಗಳಾಗಿತ್ತು, ಹಾಲು ಬಿಡಿಸಿ ಬೇರೆ ಕಟ್ಟಬೇಕಿತ್ತು, ಗಂಡುಬುದ್ಧಿ ಶುರುವಾಗಿತ್ತು. ಇನ್ನೊಂದು ಕೊಟ್ಟಿಗೆ, ಇನ್ನೊಂದು ಬೇಲಿ, ಮುಂದೆ ಬೀಜ ಒಡೆಸುವ ಖರ್ಚು. ಒಂಬತ್ತನೇ ದಿನ ರಾತ್ರಿ ಮನೆಯವಳು ಪುಸ್ತಕ ತೆಗೆದು ತಾನೇ ಕೂಡಿದಳು. ಕೊಂಡದ್ದು, ತಂದದ್ದು, ಬೇಲಿ, ಮೇವು, ಸಂಬಳ ಎಲ್ಲ ಸೇರಿ ಐದೂವರೆ ಲಕ್ಷ ದಾಟುವುದರಲ್ಲಿತ್ತು. ಅವಳು ಏನೂ ಅನ್ನಲಿಲ್ಲ, ಪುಸ್ತಕ ನನ್ನ ಕಡೆ ತಿರುಗಿಸಿ ಇಟ್ಟಳು.

ಮಾರುವುದೂ ಸುಲಭವಾಗಿರಲಿಲ್ಲ. ಬಂದ ಐವರಲ್ಲಿ ಮೂವರು ಸುಳಿ ನೋಡಿ ಟೀ ಕುಡಿದು ಹೋದರು. ಒಬ್ಬ ಮಲ್ಲನನ್ನಷ್ಟೇ ಕೇಳಿದ, ಕೊಡುವ ಮನಸ್ಸಾಗಲಿಲ್ಲ. ಕೊನೆಗೆ ಹರಿಹರದ ಕಡೆ ತೋಟವಿರುವ, ಆಗಲೇ ಮೂರು ಕುದುರೆ, ಇಬ್ಬರು ಆಳು ಇರುವ ಒಬ್ಬರು ತಾಯಿ-ಮರಿ ಎರಡನ್ನೂ 1,35,000ಕ್ಕೆ ಒಪ್ಪಿದರು. ರಕ್ತಪರೀಕ್ಷೆಯ ವರದಿ, ಧನುರ್ವಾಯು ಲಸಿಕೆಯ ದಿನಾಂಕ, ಲಾಳದ ದಿನಾಂಕ, ಮಲ್ಲ ಹುಟ್ಟಿದ ದಿನದ ಫೋಟೋ ಎಲ್ಲ ಒಂದು ಫೈಲಿನಲ್ಲಿ ಇಟ್ಟಿದ್ದಕ್ಕೇ ಬೆಲೆ ಇಳಿಸಲಿಲ್ಲ ಅಂತ ಅವರೇ ಹೇಳಿದರು. ಗಾಡಿ ಬಂದಾಗ ಬಿದಿರು ಗಳ ನಾನೇ ಕಟ್ಟಿದೆ. ಕೆಂಚಿಯನ್ನು ಮುಖ ಎಡಕ್ಕೆ ನಿಲ್ಲಿಸಿದೆ. ಮಲ್ಲ ಹತ್ತಲು ಒಪ್ಪಲಿಲ್ಲ, ಹುಡುಗ ಅವನ ಮುಂದೆ ಬೆಲ್ಲ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆದು ಹತ್ತಿಸಿದ. ಆ ಹುಡುಗನನ್ನೂ ಅವರೇ ಕೆಲಸಕ್ಕೆ ಕರೆದುಕೊಂಡರು, ನನಗಿಂತ ಸಾವಿರ ಹೆಚ್ಚಿಗೆ.

ರಾಣಿ ಮೂರು ದಿನ ಸರಿಯಾಗಿ ತಿನ್ನಲಿಲ್ಲ. ದಾವಣಗೆರೆ ಡಾಕ್ಟರಿಗೆ ಫೋನ್ ಮಾಡಿದರೆ, "ಒಂದು ಮೇಕೆ ತಂದು ಕಟ್ಟಪ್ಪ" ಅಂದರು. ಕುದುರೆಗೆ ಜೊತೆ ಅಂದರೆ ಕುದುರೆಯೇ ಇದ್ದರೆ ಉತ್ತಮ, ಆದರೆ ಎಷ್ಟೋ ಕುದುರೆಗಳು ಮೇಕೆಗೂ ಹೊಂದಿಕೊಳ್ಳುತ್ತವಂತೆ. ಇದನ್ನು 2023ರಲ್ಲೇ ಯಾಕೆ ಹೇಳಲಿಲ್ಲ ಅಂದೆ. "ಆಗ ನೀನು ನನ್ನನ್ನ ಕೇಳಿದ್ಯಾ?" ಅಂದರು. ಸಂತೆಯಲ್ಲಿ 7,000 ಕೊಟ್ಟು ಕರಿ ಮೇಕೆ ತಂದೆ. ಮೊದಲ ಎರಡು ದಿನ ರಾಣಿ ಕಿವಿ ಮಡಚಿ ಓಡಿಸಿದಳು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಎರಡೂ ಒಂದೇ ಬುಟ್ಟಿಯಲ್ಲಿ ಬಾಯಿ ಹಾಕಿದ್ದವು, ಬೂಸಾದಲ್ಲಿ ಹೆಚ್ಚಿನ ಪಾಲು ಮೇಕೆಯದು. ಈಗ ಪೇಂಟ್ ಡಬ್ಬದ ತೂಕ ಹೊಸದಾಗಿ ಬರೆಯಬೇಕು.